ಉತ್ತರ ಬರುವ ಮುಂಚೆ

ಹಸಿರು, ಹಸಿರು, ಹಸಿರು, ಕೆಂಪು — ಹೋಯಿತು, ಮತ್ತೆ ಹೋಯಿತು, ಒಂದು ಗಳಿಗೆ ಹಳದಿಯಾಗಿದ್ದು ಇನ್ನೇನು ಹಸಿರಾಗುತ್ತದೆ ಅನ್ನುವಷ್ಟರಲ್ಲಿ ಕೆಂಪಾಗಿ ಅಳಿಸಿಹೋಯಿತು, ಈಗ ಅದೇ ಜಾಗದಲ್ಲಿ ಹೊಸದೊಂದು ಬೂದು ಚುಕ್ಕೆ, ಇದೂ ಹಳದಿಯಾಗುತ್ತದೆ, ಇದೂ ಹೋಗುತ್ತದೆ, ಪರದೆ ನೋಡುತ್ತಾ ಕೂತವನಿಗೆ ಕಾಫಿ ಆರಿದ್ದೂ ತಿಳಿದಿಲ್ಲ, ಡಾಕ್ಟ್ರೇ, ನಿಮ್ಮ ರೋಗಿ ಮತ್ತೆ ಢಮಾರ್, ಎಂದು ಪಕ್ಕದ ಮೇಜಿನಿಂದ ಮ್ಯಾನೇಜರು, ಎಂಥ ಸಂಕಟದಲ್ಲೂ ಅವರಿಗೆ ಇಂಥದ್ದೊಂದು ಮಾತು ಸಿಕ್ಕಿಬಿಡುತ್ತದೆ, ಆಫೀಸಿನಲ್ಲಿ ಎಲ್ಲರಿಗೂ ನಾನು ಡಾಕ್ಟ್ರೇ, ಯಾಕೆಂದರೆ ಇಲ್ಲಿ ಓಡುವ ತಂತ್ರಾಂಶಗಳ ನಾಡಿ ನೋಡುವುದು ನನ್ನ ಕೆಲಸ, ಹೆಲ್ತ್ ಚೆಕ್ ಅನ್ನುತ್ತಾರೆ, ಒಂದೊಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೊಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿಟ್ಟಿರುತ್ತಾರೆ, ಕಂಟೇನರ್ ಅಂದರೆ ಅಷ್ಟೇ, ಊಟದ ಡಬ್ಬಿಯ ಹಾಗೆ, ಎಲ್ಲಿಗೆ ಒಯ್ದು ತೆರೆದರೂ ಅದೇ ಊಟ, ಆ ಡಬ್ಬಿಯನ್ನು ಆಗಾಗ ತಟ್ಟಿ ಇದ್ದೀಯಾ ಅಂತ ಕೇಳಬೇಕು, ಇದ್ದೀನಿ ಅಂದರೆ ಸರಿ, ಮೂರು ಸಲ ಕೇಳಿದರೂ ಅನ್ನದಿದ್ದರೆ ಸತ್ತಿದೆ ಅಂತ ಲೆಕ್ಕ, ಎತ್ತಿ ಬಿಸಾಡಿ ಹೊಸದನ್ನು ಎಬ್ಬಿಸುವುದು, ಕೇಳುವುದು ನಾನಲ್ಲ, ಕೇಳುವುದಕ್ಕೂ ಒಂದು ಯಂತ್ರ ಇದೆ, ಹೇಗೆ ಕೇಳಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಬರೆದಿಡುವುದಷ್ಟೇ ನನ್ನ ಪಾಲಿನದು, ಹಿಂದೊಮ್ಮೆ ಇದನ್ನೆಲ್ಲ ನನ್ನ ಹೆಂಡತಿಗೆ ಬಿಡಿಸಿ ಹೇಳಿದ್ದೆ, ಆಗ ಅವಳಿಗೆ ಮಾತಿತ್ತು, ಮಾತಂದರೆ ಎಂಥ ಮಾತು, ಗಳಿಗೆಗೊಂದ್ಸಲ ಬದುಕಿದ್ದೀಯಾ ಬದುಕಿದ್ದೀಯಾ ಅಂತ ಕೇಳ್ತಿದ್ರೆ ಬದುಕಿರೋರೂ ಬೇಜಾರಾಗಿ ಸಾಯ್ತಾರೆ ಕಣ್ರೀ, ಎಂದಿದ್ದಳು.

ಇವತ್ತು ಸಾಯುತ್ತಿರುವುದು ಬಸ್ಸಿನ ತಂತ್ರಾಂಶ, ಯಾವ ಬಸ್ಸು ಯಾವ ಸ್ಟಾಪಿಗೆ ಇನ್ನೆಷ್ಟು ಹೊತ್ತಿಗೆ ಬರುತ್ತದೆ ಎಂದು ಊರಿನ ಬೋರ್ಡುಗಳಿಗೆಲ್ಲ ಹೇಳುವುದು ಇದೇ, ಬೆಳಗಿನಿಂದ ಬೋರ್ಡುಗಳೆಲ್ಲ ಕಪ್ಪಗೆ ಕೂತಿವೆ, ಜನ ರಸ್ತೆಗಿಳಿದು ಕತ್ತು ಚಾಚಿ ನೋಡುತ್ತಿದ್ದಾರೆ, ಬರುವಾಗ ನಾನೇ ನೋಡಿದೆ, ಒಬ್ಬರು ಮುದುಕರು ಬೋರ್ಡಿನ ಕಂಬಕ್ಕೆ ಕೊಡೆಯಿಂದ ಎರಡು ತಟ್ಟಿದರು, ನಮ್ಮ ಆಫೀಸಿನಲ್ಲಿ ಬೆಳಗಿನಿಂದ ನಡೆದಿರುವುದೂ ಅದೇ, ಕೊಡೆ ಇಲ್ಲ ಅಷ್ಟೇ, ಮ್ಯಾನೇಜರಿಗೆ ಸಾರಿಗೆಯವರ ಫೋನಿನ ಮೇಲೆ ಫೋನು, ಮಧ್ಯಾಹ್ನದ ಒಳಗೆ ಎಬ್ಬಿಸಿ ಕೂರಿಸಿ, ಎಬ್ಬಿಸಿ ಕೂರಿಸೋ ತನಕ ಯಾರೂ ಮನೆ ಕಡೆ ತಲೆ ಹಾಕೋ ಹಾಗಿಲ್ಲ, ಎಂದು ಅವರು, ನಾನೋ ನಾಲ್ಕು ಗಂಟೆಗೆ ಹೆಂಡತಿಯ ಶಾಲೆಯಲ್ಲಿ ಇರಬೇಕು, ಅದು ತಪ್ಪುವ ಹಾಗೇ ಇಲ್ಲ, ಹೆಡ್ ಮೇಡಂ ಕರೆದಿದ್ದಾರೆ, ಅವಳು ಮತ್ತೆ ಗಣಿತ ಪಾಠ ಮಾಡಬಲ್ಲಳೋ ಇಲ್ಲವೋ ಎದುರಿಗೆ ಕೂರಿಸಿಕೊಂಡು ನೋಡಿ ಇವತ್ತೇ ತೀರ್ಮಾನ ಹೇಳುತ್ತಾರೆ, ಆಗುವುದಿಲ್ಲ ಅಂದರೆ ಅವಳ ತರಗತಿಗಳು ಬದಲಿಗೆ ಬಂದಿರುವ ಟೀಚರಿಗೇ ಕಾಯಂ, ಇವಳು ಗ್ರಂಥಾಲಯದ ಮೂಲೆಯಲ್ಲಿ ಪುಸ್ತಕಕ್ಕೆ ಮೊಹರು ಹೊಡೆಯುತ್ತಾ ಕೂರಬೇಕು, ಸಂಬಳಕ್ಕೇನೂ ತೊಂದರೆಯಿಲ್ಲ ಸಾರ್ ಎಂದಿದ್ದರು ಫೋನಿನಲ್ಲಿ, ಒಳ್ಳೆಯವರೇ, ಆದರೆ ಅವಳು ಅಲ್ಲಿ ಒಣಗಿಹೋಗುತ್ತಾಳೆ, ಕರಿಹಲಗೆ ಬಿಟ್ಟು ಬದುಕಿದವಳಲ್ಲ, ನಾನು ಹೋಗಿ ಮಾತಾಡಬೇಕು, ಅವಳ ಪರವಾಗಿ ನಾನಲ್ಲದೆ ಇನ್ಯಾರು ಮಾತಾಡುತ್ತಾರೆ, ಹೇಳಬೇಕಾದ್ದನ್ನೆಲ್ಲ ಬೆಳಿಗ್ಗೆ ಸ್ನಾನ ಮಾಡುತ್ತಾ ಜೋಡಿಸಿಕೊಂಡಿದ್ದೇನೆ, ನೋಡಿ ಮೇಡಂ, ಅವಳ ಬುದ್ಧಿಗೆ ಏನೂ ಆಗಿಲ್ಲ, ಬುದ್ಧಿ ಮೊದಲಿನಷ್ಟೇ ಚುರುಕು, ನಾಲಿಗೆಗೆ ಬರುವ ದಾರಿ ಮಾತ್ರ ಕೆಟ್ಟಿದೆ, ಎಂದು ಶುರುಮಾಡುವುದು, ದನಿ ತಗ್ಗಿಸಿ, ಬೇಡುವ ಹಾಗಿರಬಾರದು — ಮತ್ತೆ ಕೆಂಪು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಬೆಳಗಿನಿಂದ ನಾವು ಎಳೆದ ಬರೆಗಳು ಒಂದೇ ಎರಡೇ, ಮೊದಲು ಮೆಮೊರಿ ಸಾಲದು ಎಂದು ದುಪ್ಪಟ್ಟು ಕೊಟ್ಟೆವು, ಸತ್ತಿತು, ನೆಟ್‌ವರ್ಕಿನವರನ್ನು ಬೈದೆವು, ಅವರು ತಿರುಗಿ ನಮ್ಮನ್ನು ಬೈದರು, ಸತ್ತಿತು, ಒಂದು ಎದ್ದೇಳದಿದ್ದರೆ ಹತ್ತು ಡಬ್ಬಿ ಒಟ್ಟಿಗೆ ಎಬ್ಬಿಸಿ, ಒಂದಾದ್ರೂ ಉಳಿಯುತ್ತೆ, ಎಂದು ಮ್ಯಾನೇಜರು, ಹತ್ತೂ ಏಳುವಾಗ ಓದಿಕೊಳ್ಳಬೇಕಾದ ಬಸ್ ಮಾರ್ಗಗಳ ಒಂದೇ ನಕ್ಷೆಗೆ ಒಟ್ಟಿಗೆ ನುಗ್ಗಿ, ಸಣ್ಣ ಬಾಗಿಲಲ್ಲಿ ಸಿಕ್ಕಿಕೊಂಡವರ ಹಾಗೆ, ಮೊದಲಿಗಿಂತ ನಿಧಾನವಾಗಿ, ಹತ್ತೂ ಸತ್ತವು, ನಿನ್ನೆಯ ನಕ್ಷೆಗೇ ವಾಪಸು ಹೋಗೋಣ ಅಂದರೆ ಇವತ್ತಿನಿಂದ ಹೊಸ ಮಾರ್ಗಗಳು ಶುರುವಾಗಿವೆ, ಹಳೆಯ ನಕ್ಷೆ ಹಾಕಿದರೆ ಜನ ಎಲ್ಲೋ ಹೋಗಿ ಎಲ್ಲೋ ಇಳಿಯುತ್ತಾರೆ, ಹಾಗೆಂದವಳು ನಕ್ಷೆಯಮ್ಮ, ಈ ತಂತ್ರಾಂಶ ಬರೆದವಳು, ಊರಿನ ಗಲ್ಲಿಗಲ್ಲಿಯೂ ಅವಳ ಬೆರಳ ತುದಿಯಲ್ಲಿ ಇರುವುದರಿಂದ ಆ ಹೆಸರು, ಸಾರ್, ನನ್ನ ಕೋಡಲ್ಲಿ ತಪ್ಪಿದ್ರೆ ಹೇಳಿಬಿಡಿ, ಈ ಕಾಯೋದಿದೆಯಲ್ಲ ಅದು ಆಗ್ತಿಲ್ಲ, ಎಂದು ಆಗಲೇ ಎರಡು ಸಲ ಬಂದು ಹೋದಳು, ಕಣ್ಣು ಕೆಂಪಗಾಗಿದೆ, ಇದರ ಮಧ್ಯೆ ಯಾರಿಗೆ ಪುರುಸೊತ್ತು ಸಿಕ್ಕಿದರೂ ಕೈ ಚಾಚಿ ರೀಸ್ಟಾರ್ಟ್ ಒತ್ತುತ್ತಿದ್ದಾರೆ, ಮ್ಯಾನೇಜರು ಒತ್ತುತ್ತಾರೆ, ನಾನೂ ಒತ್ತಿದೆ, ಲಿಫ್ಟು ಬರಲಿಲ್ಲ ಎಂದು ಬಟನ್ನನ್ನೇ ಕುಟ್ಟುವವರ ಹಾಗೆ, ಒತ್ತಿದಾಗ ಏನೋ ಮಾಡಿದೆವು ಅನ್ನುವ ಸಮಾಧಾನ ಬೆರಳಿಗೆ —

ಬೆರಳು, ಬೆಳಿಗ್ಗೆ ನಾನು ಶೂ ಕಟ್ಟಿಕೊಳ್ಳುವಾಗ ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ಎತ್ತಿದ್ದಳು, ಎಡಗೈಯ ತೋರುಬೆರಳು, ಇರಿ ಅನ್ನುವ ಹಾಗೆ, ಬಲಗೈಗೆ ಇನ್ನೂ ಅಷ್ಟು ಕಸುವು ಬಂದಿಲ್ಲ, ತರಗತಿಯಲ್ಲಿ ಗದ್ದಲವಾದರೆ ಸೀಮೆಸುಣ್ಣ ಹಿಡಿದ ಬಲಗೈಯ ಬೆರಳು ಹೀಗೇ ಮೇಲೆ ಹೋಗುತ್ತಿತ್ತಂತೆ, ಇಡೀ ತರಗತಿ ಗಪ್‌ಚುಪ್, ಈಗ ಆ ಅಭ್ಯಾಸ ಎಡಗೈಗೆ ದಾಟಿದೆ, ಬೆರಳೆತ್ತಿ ಬಾಯಿ ತೆರೆದಳು, ಏನೋ ಹೇಳುವುದಿದೆ ಅವಳಿಗೆ, ಮೊನ್ನೆ ಹೆಡ್ ಮೇಡಂ ಫೋನು ಬಂದಾಗಿನಿಂದ ಇದೆ, ಊಟಕ್ಕೆ ಕೂತಾಗ ಎತ್ತುತ್ತಾಳೆ, ದೀಪ ಆರಿಸುವಾಗ ಎತ್ತುತ್ತಾಳೆ, ತುಟಿಗಳು ಕೂಡುತ್ತವೆ ಬಿಡುತ್ತವೆ, ಕತ್ತಿನ ನರ ಬಿಗಿಯುತ್ತದೆ, ನನಗೆ ನೋಡಲಾಗುವುದಿಲ್ಲ, ನಾಲ್ಕು ಗಂಟೆ ತಾನೇ, ನೆನಪಿದೆ, ನಾನೇ ಬರ್ತೀನಿ, ನಾನೇ ಮಾತಾಡ್ತೀನಿ, ನೀನು ಸುಮ್ನೆ ಪಕ್ಕದಲ್ಲಿ ಕೂತಿದ್ರೆ ಸಾಕು, ಎಂದೆ, ಒಳಗಿನಿಂದ ಅತ್ತೆ, ಅವಳ ತಾಯಿ, ಮಗಳಿಗೆ ಹುಷಾರಿಲ್ಲದಾಗ ಬಂದವರು ಇಲ್ಲೇ ಉಳಿದಿದ್ದಾರೆ, ಅವಳಿಗೆ ನೀರಿನ ಬಾಟಲಿ ಬೇಕಂತೆ, ತಗೊಳ್ಳಮ್ಮಾ ಬಾಟಲೀ, ಎಂದು ಕಿವುಡರಿಗೆ ಹೇಳುವ ಹಾಗೆ ಕೂಗಿದರು, ಅವಳ ಕಿವಿ ಚೆನ್ನಾಗಿದೆ ಅತ್ತೆ, ಕಿವಿಗೇನೂ ಆಗಿಲ್ಲ, ಎಂದು ನಾನು, ಇಬ್ಬರ ಮಧ್ಯೆ ಬೆರಳು ಇಳಿದುಹೋಯಿತು, ಬಾಟಲಿ ತಗೊಂಡು ಟೇಬಲ್ಲಿನ ಮೇಲೆ ಇಟ್ಟಳು, ಸಿಟ್ಟಿನಿಂದ ಇಟ್ಟಳೇ, ಕುಕ್ಕಿದಳು ಅನ್ನಬಹುದು, ನನಗೆ ಬಸ್ಸಿನ ಅವಸರ, ಹೊರಟುಬಿಟ್ಟೆ.

ಮಾತು ಕಲಿಸುವ ಮೇಡಂ ಹೇಳಿದ್ದಾರೆ, ನೀವು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಕೊಳ್ಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ನೀವು ಪದ ಕೊಟ್ರೆ ಅವರು ಹುಡುಕ್ತಿದ್ದ ಪದ ಕೈಜಾರಿ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ, ನಾನು ತಲೆಯಾಡಿಸಿ ಬಂದೆ, ನಾಲ್ಕರವರೆಗೆ ಎಣಿಸುತ್ತೇನೆ, ಐದಕ್ಕೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಮದುವೆಯಾದ ಹೊಸದರಲ್ಲಿ ಅವಳು ನನಗೆ ರೇಡಿಯೋ ಅಂತ ಹೆಸರಿಟ್ಟಿದ್ದಳು, ಕಿವಿ ಹಿಂಡದೆ ನಿಲ್ಲಲ್ಲ ಎಂದು, ಆದರೆ ಇದು ಆ ವಾಚಾಳಿತನವಲ್ಲ, ಇದು ಹೆದರಿಕೆ, ಒಪ್ಪಿಕೊಳ್ಳುವುದಕ್ಕೆ ಏನು, ಇಲ್ಲಿ ಕೇಳುವವರು ಯಾರೂ ಇಲ್ಲ, ಆ ದಿನ ಅವಳು ನನ್ನನ್ನು ಬೈಯುತ್ತಿದ್ದಳು, ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕಿದ್ದೆ, ಎಷ್ಟು ಸಲ ಹೇಳಿದ್ದೀನಿ ನಿಮಗೆ, ಈ ಟವೆಲ್ಲನ್ನ — ಅಷ್ಟೇ, ಅಲ್ಲಿಗೆ ನಿಂತಿತು, ನಾನು ಬೆನ್ನು ತಿರುಗಿಸಿ ಬೀರುವಿನಲ್ಲಿ ಅಂಗಿ ಹುಡುಕುತ್ತಿದ್ದೆ, ಬೈಗುಳ ನಿಂತಿತಲ್ಲ, ಬದುಕಿದೆ, ಅಂದುಕೊಂಡೆ, ಆ ಖಾಲಿ ಹೊತ್ತಿನಲ್ಲಿ ನಾನು ಖುಷಿಯಾಗಿದ್ದೆ, ತಿರುಗಿ ನೋಡಿದಾಗ ಬಾಯಿಯ ಒಂದು ಕಡೆ ಜೋತುಬಿದ್ದಿತ್ತು, ಪಾರ್ಶ್ವವಾಯು ಎಂದರು ಆಸ್ಪತ್ರೆಯಲ್ಲಿ, ಆವತ್ತಿನಿಂದ ಅವಳ ಮಾತಿನ ನಡುವೆ ಎಲ್ಲಿ ಖಾಲಿ ಬಿದ್ದರೂ ನನಗೆ ಹೋದಳು ಅಂತಲೇ ಅನ್ನಿಸುತ್ತದೆ, ತಕ್ಷಣ ಏನಾದರೂ ಹಾಕಿ ತುಂಬುತ್ತೇನೆ, ನೀರಾ, ಮಾತ್ರೇನಾ, ಫ್ಯಾನಾ, ಅವಳು ಹೂಂ ಅಂದರೆ ಸಾಕು, ಬೇಕಾದ್ದು ಅದಲ್ಲದಿದ್ದರೂ ಹೂಂ ಅನ್ನುತ್ತಾಳೆ ಎಷ್ಟೋ ಸಲ, ನನ್ನ ಮುಖ ನೋಡಿ. ಆಸ್ಪತ್ರೆಯಲ್ಲಿ ಮೂರನೆಯ ದಿನವೋ ಏನೋ, ನೀರು ಅನ್ನುವ ಪದ ಬಾರದವಳು ಹದಿನೇಳರ ಮಗ್ಗಿ ಹೇಳಿಬಿಟ್ಟಳು, ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು, ಎಲ್ಲೂ ತಡೆಯದೆ ನೂರ ಎಪ್ಪತ್ತರವರೆಗೆ, ನರ್ಸಮ್ಮ ಚಪ್ಪಾಳೆ ತಟ್ಟಿ, ಮಾತು ಬಂತಲ್ಲ ಸಾರ್, ಎಂದರು, ಬಂದಿರಲಿಲ್ಲ, ಮೆದುಳಿನಲ್ಲಿ ಮಗ್ಗಿ ಎಲ್ಲೋ ಬೇರೆ ಕಡೆ ಇರುತ್ತದಂತೆ, ಮಾತು ಬೇರೆ ಕಡೆ, ಅದನ್ನು ತಿಳಿದ ಮೇಲೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಡಾಕ್ಟ್ರೇ, ನಿದ್ದೆನಾ, ಎಂದು ಮ್ಯಾನೇಜರು, ಇಲ್ಲ, ನೋಡುತ್ತಿದ್ದೇನೆ ಎಂದೆ, ನಿಜಕ್ಕೂ ಈಗ ಏನನ್ನೂ ಮುಟ್ಟದೆ ಒಂದೇ ಒಂದು ಡಬ್ಬಿಯನ್ನು ಹುಟ್ಟಿನಿಂದ ಸಾವಿನವರೆಗೆ ನೋಡೋಣ ಎಂದು ಅದರ ಲಾಗ್ ತೆರೆದು ಕೂತಿದ್ದೇನೆ, ಲಾಗ್ ಅಂದರೆ ಅದು ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುವುದು, ಬೆಳಗಿನಿಂದ ಯಾರೂ ಪೂರ್ತಿ ಓದಿಲ್ಲ, ಕೊನೆಯ ಸಾಲು ಓದಿ ಓಡುತ್ತಿದ್ದೆವು, ಕೊನೆಯ ಸಾಲಿನಲ್ಲಿ ಯಾವಾಗಲೂ ಕೊಂದರು ಅಂತಲೇ ಇರುತ್ತದೆ, ಡಬ್ಬಿ ಗೊಣಗುತ್ತಿದೆ, ಎದ್ದಿದ್ದೇನೆ, ನಕ್ಷೆ ಓದುತ್ತಿದ್ದೇನೆ, ಶೇಕಡ ಇಪ್ಪತ್ತು, ಶೇಕಡ ನಲವತ್ತು, ಇಲ್ಲಿ ಚೆಕ್ ಬಂದು ತಟ್ಟಿದೆ, ಉತ್ತರ ಕೊಟ್ಟಿದೆಯಲ್ಲ, ಉತ್ತರ ಕೊಟ್ಟಿದೆ, ಇನ್ನೂ ಸಿದ್ಧವಿಲ್ಲ ಎಂದು, ಶೇಕಡ ಅರವತ್ತು, ಮತ್ತೆ ತಟ್ಟಿದೆ, ಇನ್ನೂ ಸಿದ್ಧವಿಲ್ಲ, ಶೇಕಡ ಎಂಬತ್ತು, ಮೂರನೆಯ ಸಲ, ಇನ್ನೂ ಸಿದ್ಧ — ಕೆಂಪು. ಅದು ಸುಮ್ಮನಿರಲೇ ಇಲ್ಲ. ಬೆಳಗಿನಿಂದ ಪ್ರತಿ ಸಲವೂ ಉತ್ತರ ಕೊಟ್ಟಿದೆ, ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು, ನಾವು ಅದನ್ನು ಸತ್ತಿದೆ ಎಂದು ಓದಿ ಕೊಂದು, ಹೊಸದನ್ನು ಎಬ್ಬಿಸಿ, ಅದಕ್ಕೆ ನಕ್ಷೆಯನ್ನು ಮೊದಲ ಪುಟದಿಂದ ಮತ್ತೆ ಓದಿಸಿದ್ದೇವೆ. ಕೇಳಬೇಕಾದ ಪ್ರಶ್ನೆಗಳು ಎರಡು, ಬದುಕಿದ್ದೀಯಾ ಅನ್ನುವುದು ಒಂದು, ಕೆಲಸಕ್ಕೆ ಸಿದ್ಧವಿದ್ದೀಯಾ ಅನ್ನುವುದು ಇನ್ನೊಂದು, ಮೊದಲನೆಯದಕ್ಕೆ ಇಲ್ಲ ಅಂದರೆ ಕೊಲ್ಲಬೇಕು, ಎರಡನೆಯದಕ್ಕೆ ಇಲ್ಲ ಅಂದರೆ ಕಾಯಬೇಕು, ಅಷ್ಟೇ, ಈ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದಲ್ಲಿ ಹೇಳಿಕೊಡುವ ಪಾಠ, ಇಲ್ಲಿ ನಾನು ಎರಡೂ ಪ್ರಶ್ನೆಗೆ ಒಂದೇ ಬಾಗಿಲು ತೋರಿಸಿಬಿಟ್ಟಿದ್ದೇನೆ, ನಿನ್ನೆಯವರೆಗೆ ನಕ್ಷೆ ಚಿಕ್ಕದಿತ್ತು, ಎರಡನೆಯ ತಟ್ಟುವಿಕೆಗೇ ಓದಿ ಮುಗಿಸಿಬಿಡುತ್ತಿತ್ತು, ತಪ್ಪು ಗೊತ್ತಾಗುತ್ತಿರಲಿಲ್ಲ, ಹೊಸ ಮಾರ್ಗಗಳು ಸೇರಿ ನಕ್ಷೆ ದಪ್ಪವಾಯಿತು, ಗೊತ್ತಾಯಿತು, ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎಂದು ಮ್ಯಾನೇಜರು ಅನ್ನುತ್ತಾರೆ, ಅನ್ನಲಿ.

ತಿದ್ದಿದ್ದು ಎರಡು ಸಾಲು, ಬದುಕಿದ್ದೀಯಾ ಅನ್ನುವುದಕ್ಕೆ ಬೇರೆ ಬಾಗಿಲು, ಮೊದಲ ಸಲ ತಟ್ಟುವ ಮುಂಚೆ ಧಾರಾಳವಾದ ಕಾಲಾವಕಾಶ, ನಕ್ಷೆಯಮ್ಮನನ್ನು ಕರೆದು ಲಾಗ್ ತೋರಿಸಿದೆ, ಅವಳು ಓದಿ, ಪಾಪ ಹೇಳ್ತಾನೇ ಇದೆಯಲ್ಲ ಸಾರ್ ಇದು, ಎಂದಳು, ಕಷ್ಟವಾದದ್ದು ತಿದ್ದುವುದಲ್ಲ, ಆಮೇಲೆ ಸುಮ್ಮನಿರುವುದು, ಯಾರೂ ಏನನ್ನೂ ಮುಟ್ಟಬೇಡಿ, ಕೈ ತೊಡೆ ಮೇಲೆ ಇಟ್ಟುಕೊಳ್ಳಿ, ಎಂದೆ, ಮ್ಯಾನೇಜರೂ ಶಾಲೆಯ ಹುಡುಗನ ಹಾಗೆ ಇಟ್ಟುಕೊಂಡರು, ಬೂದು, ಹಳದಿ, ಹಳದಿ, ಶೇಕಡ ಎಂಬತ್ತು, ಅಯ್ಯೋ ಒಂದ್ಸಲ ಒತ್ತಿಬಿಡ್ಲಾ ಡಾಕ್ಟ್ರೇ, ಎಂದು ಅವರು, ಬೇಡ ಎಂದು ನಾನು, ತೊಂಬತ್ತು, ಈ ಅಂಕಿಯನ್ನು ಬೆಳಗಿನಿಂದ ಯಾರೂ ನೋಡಿರಲಿಲ್ಲ, ನನಗೆ ಯಾಕೋ ಹೆಂಡತಿಯ ಕತ್ತಿನ ನರ ನೆನಪಾಯಿತು, ನೆನಪಾಗಬಾರದಿತ್ತು, ಹೋಲಿಸಬಾರದು, ಅವಳೇನು ಡಬ್ಬಿಯೇ, ನಾನೇನು ತಟ್ಟುವ ಯಂತ್ರವೇ, ಆದರೂ ಆ ಬೆರಳು, ಬೆಳಿಗ್ಗೆ ಬಾಗಿಲ ಹತ್ತಿರ, ಮೊನ್ನೆ ಊಟದ ಹೊತ್ತಿನಲ್ಲಿ, ದೀಪ ಆರಿಸುವಾಗ, ಎಷ್ಟು ಸಲ ಎತ್ತಿದಳು, ಇರಿ ಅಂದರೆ ಇನ್ನೂ ಇಲ್ಲ ಅಂತಲೇ ತಾನೇ, ಬರ್ತಾ ಇದೆ ಅಂತ, ನಾನು ಎಷ್ಟು ಸಲ ಮೊದಲ ಪುಟಕ್ಕೆ ಕಳಿಸಿದೆ — ಹಸಿರು. ಹಸಿರು. ಒಂದರ ಹಿಂದೊಂದು ಎಲ್ಲವೂ. ಮ್ಯಾನೇಜರು ಎದ್ದು ನನ್ನ ಬೆನ್ನಿಗೆ ಗುದ್ದಿದರು, ನಕ್ಷೆಯಮ್ಮ ಮುಖ ತೊಳೆಯಲು ಹೋದಳು, ಸ್ವಲ್ಪ ಹೊತ್ತಿನ ಮುಂಚೆ ಇಷ್ಟು ಖುಷಿ ಬಂದಿದ್ದರೆ ನಾನೂ ಏನಾದರೂ ಜೋಕು ಹೊಡೆಯುತ್ತಿದ್ದೆ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಸ್ಟಾಪಿನಲ್ಲಿ ಬೋರ್ಡು ಉರಿಯುತ್ತಿತ್ತು, ಬಸ್ಸು ಹೇಳಿದ ಹೊತ್ತಿಗೆ ಬಂತು, ಯಾರೂ ಅದನ್ನು ಗಮನಿಸಲಿಲ್ಲ, ನಮ್ಮ ಕೆಲಸವೇ ಹೀಗೆ, ಸರಿಯಿದ್ದಾಗ ಇಲ್ಲದ ಹಾಗೆ, ಕಿಟಕಿ ಪಕ್ಕ ಕೂತು ಹೆಡ್ ಮೇಡಂ ಎದುರಿಗೆ ಹೇಳುವುದನ್ನು ಇನ್ನೊಮ್ಮೆ ಜೋಡಿಸಿಕೊಂಡೆ, ಎರಡನೆಯ ವಾಕ್ಯ ಸ್ವಲ್ಪ ಉದ್ದವಾಯಿತು, ಕತ್ತರಿಸಿದೆ, ಮನೆಗೆ ಬಂದರೆ ಅವಳು ಆಗಲೇ ಇಸ್ತ್ರಿಯ ಬಟ್ಟೆ ತೊಟ್ಟು, ಕೂದಲು ಬಿಗಿಯಾಗಿ ಕಟ್ಟಿ, ಶಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಎಡಗೈಯಲ್ಲಿ ಕಟ್ಟಿದ ಕೂದಲು ಸ್ವಲ್ಪ ವಾರೆ, ಚೆನ್ನಾಗಿ ಕಾಣುತ್ತಿದ್ದಳು, ಹೇಳಿದೆ, ಅತ್ತೆ ಅಡುಗೆಮನೆಯಿಂದ, ತಾಳಿದವನು ಬಾಳಿಯಾನು, ಹೋಗಿ ಬನ್ನಿ, ಎಂದು ಕೂಗಿದರು, ಯಾರು ತಾಳಬೇಕು ಎಂದು ಹೇಳಲಿಲ್ಲ, ಹೊರಗೆ ಬಂದು ನಾನು ಗೇಟಿನ ಚಿಲಕ ತೆಗೆಯುತ್ತಿದ್ದೆ, ಅವಳು ನಿಂತಳು. ಬೆರಳು ಮೇಲೆ. ನಾನು, ನೀರಿನ ಬಾಟಲಿ — ಎಂದವನು ಅಲ್ಲಿಗೇ ನಿಲ್ಲಿಸಿದೆ, ನಾಲಿಗೆ ಕಚ್ಚಿಕೊಂಡೆ ಅನ್ನುವುದು ಬರೀ ಮಾತಿಗಲ್ಲ, ನಿಜವಾಗಿ ಕಚ್ಚಿದೆ, ಒಂದು, ಎರಡು, ತುಟಿ ಕೂಡಿತು, ಬಿಟ್ಟಿತು, ಮೂರು, ನಾಲ್ಕು, ಒಂದು ಸೈಕಲ್ಲು ಹೋಯಿತು, ಐದು, ಬಾಯಿಯ ಆ ಕಡೆ ಜೋತುಬೀಳುತ್ತಿದೆಯಾ ಎಂದು ನೋಡಿದೆ, ಇಲ್ಲ, ಸರಿಯಾಗಿದೆ, ಏಳು, ಅವಳ ಕಣ್ಣು ನನ್ನ ಬಾಯಿಯ ಮೇಲೆ, ಈಗ ತೆರೆಯುತ್ತದೆ ಈಗ ತೆರೆಯುತ್ತದೆ ಎಂದು ಕಾಯುತ್ತಿರುವ ಹಾಗೆ, ತೆರೆಯಲಿಲ್ಲ, ಅದನ್ನು ನೋಡಿ ಅವಳ ಭುಜ ಸ್ವಲ್ಪ ಸಡಿಲವಾಯಿತು, ಹತ್ತಕ್ಕೆ ಬಂದೆ, ಹತ್ತನ್ನೂ ದಾಟಿದೆ, ಆಮೇಲೆ ಎಣಿಸುವುದು ಬಿಟ್ಟೆ.

ನೀವು, ಎಂದಳು. ಮತ್ತೆ ಖಾಲಿ. ಹೊರಗೆ, ಎಂದಳು. ಹೊರಗೆ ಇರಿ. ನಾನು… ಮಾತಾಡ್ತೀನಿ. ಇದೇ ಮೊನ್ನೆಯಿಂದ ಅವಳ ಗಂಟಲಲ್ಲಿ ಇದ್ದದ್ದು, ಇದರ ಮೇಲೆ ನಾನು ಪ್ರತಿ ಸಲವೂ ನಾನೇ ಬರ್ತೀನಿ ನಾನೇ ಮಾತಾಡ್ತೀನಿ ಎಂದು ಕಲ್ಲು ಹೇರುತ್ತಾ ಬಂದಿದ್ದೆ, ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ, ಇಷ್ಟು ಉದ್ದದ ಮಾತನ್ನು ಅವಳು ಆ ದಿನದಿಂದ ಆಡಿರಲಿಲ್ಲ, ಆದರೆ ಅದಕ್ಕಿಂತ ಮೊದಲು ಬಂದದ್ದು ಕೋಪ, ಸುಳ್ಳು ಯಾಕೆ ಹೇಳಲಿ, ಸ್ನಾನದ ಮನೆಯಲ್ಲಿ ಜೋಡಿಸಿದ್ದು, ಬಸ್ಸಿನಲ್ಲಿ ಕತ್ತರಿಸಿದ್ದು, ಎಲ್ಲ ವ್ಯರ್ಥ, ಅವರು ಕಾಯಲ್ಲ ಕಣೇ, ನಾನೇ ಇಷ್ಟು ದಿನ ಕಾಯ್ಲಿಲ್ಲ, ಅವರು ಕಾಯ್ತಾರಾ, ಎಂದು ಬಾಯಿಗೆ ಬಂತು, ಒಂದು ನಿಮಿಷಕ್ಕೆ ಸೋತು ವಾಪಸು ಬರ್ತೀಯ ಎಂದೂ ಬಂತು, ಅವಳು ನನ್ನನ್ನೇ ನೋಡುತ್ತಿದ್ದಳು, ಆಯ್ತು, ಹೊರಗಿರ್ತೀನಿ, ಎಂದೆ, ದಾರಿಯುದ್ದಕ್ಕೂ ನಾನು ಏನೂ ಮಾತಾಡಲಿಲ್ಲ, ರೇಡಿಯೋ ಕೆಟ್ಟಿತಾ ಅನ್ನುವ ಹಾಗೆ ಅವಳು ಒಮ್ಮೆ ನನ್ನ ಕಿವಿ ಹಿಡಿದು ಸಣ್ಣಗೆ ತಿರುವಿದಳು, ಇಬ್ಬರಿಗೂ ನಗು ಬಂತು.

ಶಾಲೆ ಬಿಟ್ಟು ಆಗಿದೆ, ಕಾರಿಡಾರಿನಲ್ಲಿ ಸೀಮೆಸುಣ್ಣದ ವಾಸನೆ, ಮಕ್ಕಳ ಬೆವರಿನ ವಾಸನೆ, ಹೆಡ್ ಮೇಡಂ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಬಾಗಿಲಿಗೆ ಎದುರಾಗಿ ಬೆಂಚು, ಅಲ್ಲೇ ಕೂತಿದ್ದೇನೆ, ಮೇಡಂ ಮೇಜಿನ ಆ ಕಡೆ, ಅವಳು ಈ ಕಡೆ, ಬೆನ್ನು ನನಗೆ, ವಾರೆಯಾಗಿ ಕಟ್ಟಿದ ಕೂದಲು, ಕುರ್ಚಿಯ ಕೈ ಹಿಡಿದ ಎಡಗೈ, ಸಾರ್ ಒಳಗೆ ಬರಲ್ವಾ, ಎಂದು ಮೇಡಂ ಕರೆದಾಗ ಅವಳೇ ತಲೆಯಾಡಿಸಿದಳು, ಬೇಡ ಎಂದು, ಮೇಡಂ ಮೊದಲು ಆರೋಗ್ಯ ಕೇಳಿದರು, ಚೆನ್ನಾಗಿದ್ದೀನಿ, ಎಂದಳು, ಅದು ಸುಲಭ, ಮಗ್ಗಿಯ ಹಾಗೆ ತಾನಾಗಿ ಬರುವ ಮಾತು, ಆಮೇಲೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೆಟ್ಟ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿಯಬೇಕು ಅನ್ನುವ ದನಿಯಲ್ಲಿ, ನೋಡಿ ಟೀಚರ್, ಮಕ್ಕಳು ಪ್ರಶ್ನೆ ಕೇಳ್ತಾರೆ, ಉತ್ತರ ಬರೋ ತನಕ ಕಾಯಲ್ಲ, ನಗ್ತಾರೆ, ಅಂಥ ತರಗತಿಯಲ್ಲಿ ಹೇಗೆ ನಿಭಾಯಿಸ್ತೀರಿ ನೀವು, ಎಂದರು. ನನಗೆ ಉತ್ತರ ಗೊತ್ತು, ಒಂದಲ್ಲ ಮೂರು ಗೊತ್ತು, ಲೆಕ್ಕ ಬಾಯಲ್ಲಲ್ಲ ಮೇಡಂ ಹಲಗೆ ಮೇಲೆ ಆಗೋದು, ಎಂಥ ಒಳ್ಳೆಯ ವಾಕ್ಯ, ನಾಲಿಗೆ ತುದಿಯಲ್ಲಿ ಕೂತಿದೆ, ಅವಳು ಎಡಗೈ ಎತ್ತಿದಳು, ಬೆರಳು, ಮೇಡಂ ಕಾದರು, ಇನ್ನೂ ಸ್ವಲ್ಪ ಕಾದರು, ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ಅವಳ ಕತ್ತು ಬಿಗಿಯಿತು, ಹಿಂದಿನಿಂದಲೂ ಕಾಣುತ್ತದೆ, ಮೇಡಂ ಅವಳ ತಲೆಯ ಮೇಲಿನಿಂದ ನನ್ನತ್ತ ನೋಡಿದರು, ನೀವೇ ಹೇಳಿ ಸಾರ್, ಎಂದರು, ಇವರಿಂದ ಆಗುತ್ತಾ? ನಾನು ಎದ್ದುಬಿಟ್ಟೆ, ಎದ್ದದ್ದು ಹೇಳುವುದಕ್ಕೇ, ಬಾಯಿಯೂ ತೆರೆದಿತ್ತು, ಹೇಗೆ ಮುಚ್ಚಿದೆನೋ, ಹೇಗೆ ತಿರುಗಿದೆನೋ, ಈಗ ಮೇಡಂ ಕಡೆಗೆ ನನ್ನ ಬೆನ್ನು, ಇಷ್ಟು ಮರ್ಯಾದೆಗೇಡಿ ಕೆಲಸವನ್ನು ನಾನು ಯಾವ ಹಿರಿಯರಿಗೂ ಮಾಡಿದವನಲ್ಲ, ಎದುರಿಗೆ ಗೋಡೆ, ಗೋಡೆಗೆ ನೋಟೀಸು ಬೋರ್ಡು, ಬೋರ್ಡಿಗೆ ಗಾಜು, ಯಾವುದೋ ಪರೀಕ್ಷೆಯ ವೇಳಾಪಟ್ಟಿ, ಓದೋಣ, ಸೋಮವಾರ ಭಾಷೆ, ಮಂಗಳವಾರ ವಿಜ್ಞಾನ, ಬುಧವಾರ, ಬುಧವಾರ — ಗಾಜಿನೊಳಗೆ ನನ್ನ ಹಿಂದಿನ ಬಾಗಿಲು, ಬಾಗಿಲೊಳಗೆ ಮೇಜು, ಮೇಡಂ ಈಗ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ್ದಾರೆ, ಪೆನ್ನು ಕೆಳಗಿಟ್ಟಿದ್ದಾರೆ, ಏನೂ ಕೇಳಿಸುತ್ತಿಲ್ಲ, ಎಷ್ಟು ಹೊತ್ತಾಯಿತೋ, ಎಣಿಸುತ್ತಿಲ್ಲ, ವೇಳಾಪಟ್ಟಿಯ ಅಕ್ಷರಗಳ ನಡುವೆ ಅವಳ ಬೆರಳು, ಇಳಿದಿಲ್ಲ, ಬುಧವಾರ ಗಣಿತ, ಬೆರಳು ಇನ್ನೂ ಇಳಿದಿಲ್ಲ, ಮೇಡಂ ಇನ್ನೂ ಕಾಯುತ್ತಿದ್ದಾರೆ.